ಪೆನ್ನುಬನ ಎರಡು ಎಡಗೈ

ಪೆನ್ನುಬ್ ಕೆತ್ತಿದ ಗೋಡೆ ಯಾವುದು ಎಂದು ಹೇಳಲು ನಮ್ಮ ಕೇರಿಯಲ್ಲಿ ಓದು ಬರಹ ಬೇಕಿರಲಿಲ್ಲ. ಗಾರೆ ಮೆತ್ತುವ ಮುಂಚೆ ಗೋಡೆಯ ಮೇಲಿನ ಮನುಷ್ಯರ ಕೈ ನೋಡಿದರೆ ಸಾಕಿತ್ತು. ರೊಟ್ಟಿ ಹೊತ್ತವನಿಗೆ ಎರಡು ಎಡಗೈ. ಹೆಬ್ಬಾತಿನ ಕತ್ತು ಹಿಡಿದವನಿಗೂ ಎರಡು ಎಡಗೈ. ಅಮೋನ್ ದೇವರ ಮುಂದೆ ನಿಂತು ನೈವೇದ್ಯ ನೀಡುವ ದೊರೆಗೂ ಅಷ್ಟೆ. ಪೆನ್ನುಬನ ಉಳಿಯ ಮುಂದೆ ಬಡವ ಬಲ್ಲಿದ ಎಂಬ ಭೇದವಿರಲಿಲ್ಲ.

ನಾನು ಗಾರೆಯವನು, ಹೆಸರು ಇಪುಯ್. ದೇವಸ್ಥಾನದ ಗೋಡೆ ನೋಡಿ ಹೊಗಳುವವರು ಬಣ್ಣದವರನ್ನು ಹೊಗಳುತ್ತಾರೆ. ಬಣ್ಣಕ್ಕಿಂತ ಮುಂಚೆ ನಾಲ್ಕು ಜನರ ಕೈ ಅಲ್ಲಿ ಓಡಾಡಿದೆ ಎಂಬುದು ಅವರಿಗೆ ಬೇಕಿಲ್ಲ. ಮೊದಲು ಗೆರೆಯವನು ಬಂದು, ದಾರವನ್ನು ಕೆಂಪು ಬಣ್ಣದಲ್ಲಿ ಅದ್ದಿ ಗೋಡೆಗೆ ಚಟ್ಟೆಂದು ಹೊಡೆದು ಚೌಕಗಳನ್ನು ಮಾಡಿ, ಅದರೊಳಗೆ ಕೆಂಪು ಗೆರೆಯಲ್ಲಿ ಚಿತ್ರ ಬರೆಯುತ್ತಾನೆ. ಆಮೇಲೆ ಮೇಸ್ತ್ರಿ ಅನಖ್ತು ಬಂದು ಕಪ್ಪು ಗೆರೆಯಲ್ಲಿ ತಿದ್ದುತ್ತಾನೆ. ತಿದ್ದಲು ಏನೂ ಇಲ್ಲದಿದ್ದರೂ ತಿದ್ದುತ್ತಾನೆ, ಮೇಸ್ತ್ರಿಯಲ್ಲವೇ. ಅನಂತರ ಪೆನ್ನುಬ್ ಗೆರೆಯ ಸುತ್ತಲಿನ ಕಲ್ಲನ್ನು ತೆಗೆದು ಚಿತ್ರವನ್ನು ಉಬ್ಬಿಸುತ್ತಾನೆ. ಅವನು ಬಿಟ್ಟ ಬಿರುಕು, ತೂತು, ತಪ್ಪುಗಳಿಗೆಲ್ಲ ನಾನು ಗಾರೆ ಮೆತ್ತುತ್ತೇನೆ. ಆಗ ಬಣ್ಣದವರು ಸ್ನಾನ ಮಾಡಿಕೊಂಡು ಬರುತ್ತಾರೆ.

ಕೆಂಪು ಗೆರೆಯಲ್ಲಿ ಬಲಗೈ ಸರಿಯಾಗಿಯೇ ಇರುತ್ತಿತ್ತು. ಆದರೆ ಪೆನ್ನುಬ್ ಕೆಲಸ ಶುರು ಮಾಡಿದ ಕೂಡಲೇ ಗೆರೆಯೆಲ್ಲ ಕಲ್ಲಿನ ಪುಡಿಯಲ್ಲಿ ಮುಚ್ಚಿಹೋಗಿ, ಮುಂದಿನದೆಲ್ಲ ಅವನ ಅಂದಾಜು. ಬಲಗೈಯಲ್ಲಿ ಕೊಡತಿ ಹಿಡಿದು ಬೀಸುವವನು ಎಡಗೈಯಲ್ಲಿ ಉಳಿ ಹಿಡಿಯುತ್ತಾನೆ. ಬೆಳಗಿನಿಂದ ಸಂಜೆಯವರೆಗೆ ಅವನ ಮೂಗಿನ ಮುಂದೆ ಇರುವುದು ಆ ಒಂದು ಎಡಗೈ. ಅವನು ಅದನ್ನೇ ನೋಡಿದ, ಅದನ್ನೇ ಕೆತ್ತಿದ. ಇಪ್ಪತ್ತೆರಡು ವರ್ಷ ನಾನು ಅವನ ಹಿಂದೆ ಸಾರುವೆ ಹತ್ತಿ, ಒಂದು ಕಡೆಯ ಹೆಬ್ಬೆರಳನ್ನು ಗಾರೆಯಲ್ಲಿ ಮುಚ್ಚಿ ಇನ್ನೊಂದು ಕಡೆ ಹೊಸ ಹೆಬ್ಬೆರಳು ಮೆತ್ತಿದ್ದೇನೆ. ನನ್ನ ಹೆಂಡತಿ ನನ್ನನ್ನು ಹೆಬ್ಬೆರಳಿನವನು ಎಂದೇ ಕರೆಯುತ್ತಿದ್ದಳು.

ಅವನನ್ನು ಯಾಕೆ ಕೆಲಸದಿಂದ ತೆಗೆಯಲಿಲ್ಲ ಎಂದರೆ, ಕೈ ಒಂದು ಬಿಟ್ಟರೆ ಉಳಿದದ್ದೆಲ್ಲ ಅವನಂತೆ ಕೆತ್ತುವವರು ಹೊಳೆಯ ಎರಡೂ ದಡದಲ್ಲಿ ಇರಲಿಲ್ಲ. ಅವನ ರೊಟ್ಟಿ ನೋಡಿದರೆ ಹಸಿವಾಗುತ್ತಿತ್ತು. ಅವನು ಕೆತ್ತಿದ ಹೆಬ್ಬಾತಿನ ಹತ್ತಿರ ಹೋದರೆ ಕಚ್ಚೀತೇನೋ ಎಂದು ಕಾಲು ಹಿಂದೆ ಸರಿಯುತ್ತಿತ್ತು. ಮೇಸ್ತ್ರಿಗೆ ಕೈಯ ಸಂಗತಿ ಗೊತ್ತು, ನನಗೆ ಗೊತ್ತು, ಕೇರಿಗೆ ಗೊತ್ತು, ಗಾರೆ ಒಣಗಿದ ಮೇಲೆ ಹೊರಗಿನವರಲ್ಲಿ ದೇವರೊಬ್ಬನಿಗೆ ಗೊತ್ತು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು.

ಮುಗಿಯಲು ಬಿಡದವಳು ಅವನ ಹೆಂಡತಿ ಹುನ್ರೋ.

ಹುನ್ರೋ ಕಾಯಿಸಿದ ಬಿಯರ್ ಕುಡಿಯದವನು ನಮ್ಮ ಕೇರಿಯಲ್ಲಿ ಇರಲಿಲ್ಲ, ಅವಳ ಬಾಯಿಗೆ ಸಿಗದವನೂ ಇರಲಿಲ್ಲ. ದಪ್ಪ ಹೆಂಗಸು, ದೊಡ್ಡ ಕೈ, ಹಿಟ್ಟು ನಾದಿ ನಾದಿ ಗಟ್ಟಿಯಾದ ಬೆರಳು. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಮಕ್ಕಳಿರಲಿಲ್ಲ. ಆ ಮಾತನ್ನು ಅವಳೂ ಆಡುತ್ತಿರಲಿಲ್ಲ, ಅವಳೆದುರಿಗೆ ಬೇರೆಯವರೂ ಆಡುತ್ತಿರಲಿಲ್ಲ. ಆದರೆ ಒಂದು ವರ್ಷ ಕಣಿವೆಯ ಹಬ್ಬದ ದಿನ, ಎಲ್ಲರೂ ತಮ್ಮ ತಮ್ಮ ಹಿರಿಯರ ಗೋರಿಯ ಮುಂದೆ ಕೂತು ಉಣ್ಣುತ್ತಿರುವಾಗ, ಪಕ್ಕದ ಮನೆಯ ಮುದುಕಿಯ ಗೋರಿಯ ಮುಂದೆ ಯಾರೂ ಇಲ್ಲದ್ದನ್ನು ಅವಳು ನೋಡಿದಳು. ಮಕ್ಕಳಿಲ್ಲದೆ ಸತ್ತವಳು. ಒಂದು ಲೋಟ ನೀರು ಹೊಯ್ಯುವವರಿಲ್ಲ. ಹುನ್ರೋ ತನ್ನ ಪಾತ್ರೆಯಿಂದ ನೀರು ಹೊಯ್ದು ಬಂದಳು. ಅಂದಿನಿಂದ ಪೆನ್ನುಬನಿಗೆ ನೆಮ್ಮದಿ ಹೋಯಿತು.

ಅವಳ ಲೆಕ್ಕ ಸರಳವಾಗಿತ್ತು. ದೇವಸ್ಥಾನದಲ್ಲಿ ದೇವರಿಗೆ ದಿನಕ್ಕೆ ಮೂರು ಹೊತ್ತು ನೈವೇದ್ಯ. ದೇವರು ಉಂಡ ಮೇಲೆ ಆ ಗೋಡೆಯ ಮೇಲೆ ಯಾರು ಯಾರು ಇದ್ದಾರೋ ಅವರಿಗೆಲ್ಲ ಅದರಲ್ಲಿ ಪಾಲು. ಲೋಕ ಇರುವವರೆಗೆ ಪಾಲು. ಗೋಡೆ ಕೆತ್ತುವವನು ಮನೆಯಲ್ಲೇ ಇರುವಾಗ, ಸತ್ತ ಮೇಲೆ ತಾವಿಬ್ಬರು ಹಸಿದುಕೊಂಡು ಯಾಕೆ ಬಿದ್ದಿರಬೇಕು?

ಒಂದು ಸಂಜೆ ನನ್ನೆದುರಿಗೇ ಅವಳು ಕೇಳಿದಳು. "ಊರವರ ಬಾತುಕೋಳೀನೆಲ್ಲ ಗೋಡೆ ಮೇಲೆ ಹತ್ತಿಸ್ತೀಯ. ಕಟ್ಟಿಕೊಂಡವಳು ಒಬ್ಬಳು ನಿನ್ನ ಕಣ್ಣಿಗೆ ಬೀಳಲ್ವಾ?"

ಪೆನ್ನುಬ್ ಬೆವರಿದ. ದೇವರ ಅಂಕಣದಲ್ಲಿ ಕೂಲಿಯವನೊಬ್ಬ ತನ್ನ ಹೆಂಡತಿಯ ಚಿತ್ರ ಕೆತ್ತಿದರೆ ಅವನ ಮೂಗು ಕೊಯ್ದು ಮರಳುಗಾಡಿನ ಕಲ್ಲುಗಣಿಗೆ ಅಟ್ಟುತ್ತಾರೆ. ಇದನ್ನು ಅವನು ಹೇಳಿದ. ಅವಳು ಅವನ ಮೂಗನ್ನು ನೋಡಿ, ಹೋದರೆ ಅಂಥ ನಷ್ಟವೇನಿಲ್ಲ ಎಂದಳು.

ಮೂರು ತಿಂಗಳು ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದ. ಮೂರು ತಿಂಗಳು ಅವನಿಗೆ ಹುಳಿಯಾದ ಬಿಯರೇ ಗತಿಯಾಯಿತು. ಕೊನೆಗೆ ಒಪ್ಪಿದ. ಜಾಗವನ್ನು ಹುಡುಕಿಕೊಟ್ಟವನು ನಾನೇ, ಆ ಪಾಪದಲ್ಲಿ ನನಗೂ ಪಾಲಿದೆ. ನಾವು ಆಗ ಮುಗಿಸುತ್ತಿದ್ದ ಹೊಸ ದೇವಸ್ಥಾನದ ಒಳಗಿನ ಅಂಕಣದ ಬಾಗಿಲಿಗೆ ದೇವದಾರಿನ ಎರಡು ಕದ. ಕದ ತೆರೆದಾಗ ಅದು ಹೋಗಿ ಗೋಡೆಗೆ ಆತುಕೊಳ್ಳುತ್ತದೆ, ಹಿಂದಿನ ಗೋಡೆ ಯಾರಿಗೂ ಕಾಣುವುದಿಲ್ಲ. ದೇವರು ಬಂದ ಮೇಲೆ, ರಾತ್ರಿ ಕದ ಮುಚ್ಚಿದಾಗ ಒಳಗೆ ಅವನನ್ನು ಬಿಟ್ಟು ಯಾರೂ ಇರುವುದಿಲ್ಲ. ದೇವರು ನೋಡಿದರೆ ಒಳ್ಳೆಯದೇ, ನೋಡಲಿ ಎಂದೇ ಕೆತ್ತುವುದು.

ಜಾಗ ಸಿಕ್ಕ ಮೇಲೆ ಗಂಡ ಹೆಂಡಿರಿಗೆ ಅಳತೆಯ ಜಗಳ ಹತ್ತಿತು. ಗೋಡೆಯಲ್ಲಿ ದೊಡ್ಡವರನ್ನು ದೊಡ್ಡದಾಗಿ, ಚಿಕ್ಕವರನ್ನು ಚಿಕ್ಕದಾಗಿ ಕೆತ್ತುವುದು ರೂಢಿ. ದೊರೆಯ ಹೆಂಡತಿಯೇ ಎಷ್ಟೋ ಕಡೆ ದೊರೆಯ ಮೊಣಕಾಲಿನವರೆಗೆ ಬರುತ್ತಾಳೆ. ಪೆನ್ನುಬ್ ರೂಢಿಯಂತೆ ಸುಣ್ಣಕಲ್ಲಿನ ಚಕ್ಕೆಯೊಂದರ ಮೇಲೆ ಬರೆದು ತೋರಿಸಿದಾಗ ಹುನ್ರೋ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಈ ಮೊಣಕಾಲಿನ ಹತ್ತಿರ ಕೂತಿರುವ ಬೆಕ್ಕು ಯಾವುದು ಎಂದು ಕೇಳಿದಳು. ಆಮೇಲೆ ಅವಳೇ ತೀರ್ಪು ಕೊಟ್ಟಳು: ಒಂದೇ ಕುರ್ಚಿ, ಒಂದೇ ಎತ್ತರ, ಕುರ್ಚಿಯ ಕೆಳಗೆ ಹೆಬ್ಬಾತು, ತನಗೆ ಗದ್ದ ಒಂದೇ. ಇದ್ದದ್ದು ಎರಡು.

"ಇನ್ನೊಂದು ಮಾತು" ಎಂದಳು. "ನಂಗೆ ಬಲಗೈ ಬೇಕು. ಅಲ್ಲಿ ಹೋಗಿ ದೇವರ ಅನ್ನಾನ ಎರಡು ಎಡಗೈಲಿ ತಿನ್ನೋಳಲ್ಲ ನಾನು."

ಹೀಗೆ ಪೆನ್ನುಬ್ ಐವತ್ತರ ಹತ್ತಿರ ಬಂದ ಮೇಲೆ ಬಲಗೈ ಕಲಿಯಲು ಕೂತ. ಅವಳು ಬಿಯರಿಗೆ ನೆನೆಹಾಕುವ ರೊಟ್ಟಿಯ ಹಿಟ್ಟು ನಾದುವಾಗ, ಸೋಸುವಾಗ, ಪಕ್ಕದ ಮನೆಯವಳಿಗೆ ಕೈ ತೋರಿಸಿ ಬೈಯುವಾಗ, ಅವನು ಎದುರಿಗೆ ಕೂತು ಆ ಬಲಗೈಯನ್ನು ಚಕ್ಕೆಗಳ ಮೇಲೆ ಬರೆದ. ಮನೆಯ ಮೂಲೆಯಲ್ಲಿ ಚಕ್ಕೆಗಳ ರಾಶಿ ಬಿತ್ತು. ಇಷ್ಟು ವರ್ಷದಲ್ಲಿ ಅವನು ತನ್ನ ಕೈ ಬಿಟ್ಟು ಬೇರೆಯವರ ಕೈ ನೋಡಿದ್ದು ಅದೇ ಮೊದಲು. ಕೇರಿಯವರು, ಮುದುಕನಿಗೆ ಈಗ ಹೆಂಡತಿಯ ಮೇಲೆ ಪ್ರೀತಿ ಬಂದಿದೆ ಎಂದು ನಕ್ಕರು. ಬಂದಿತ್ತು ಎಂದೇ ನನಗೂ ಅನ್ನಿಸುತ್ತದೆ.

ಕದದ ಹಿಂದೆ ಅವನು ಕೆತ್ತಿದ್ದನ್ನು ನೋಡಿ ನಾನು ಗಾರೆಯ ಬಟ್ಟಲು ಕೆಳಗಿಟ್ಟೆ. ಮೆತ್ತಲು ಏನೂ ಇರಲಿಲ್ಲ. ಗಂಡ ಹೆಂಡತಿ ಒಂದೇ ಕುರ್ಚಿಯಲ್ಲಿ ಕೂತಿದ್ದಾರೆ, ಅವಳ ಎಡಗೈ ಅವನ ಹೆಗಲ ಮೇಲಿದೆ, ಬಲಗೈ ರೊಟ್ಟಿಯ ಕಡೆ ಚಾಚಿದೆ. ಅವನ ಬಲಗೈಯೂ ಬಲಗೈಯೇ, ಅವಳದನ್ನೇ ನೋಡಿ ಕೆತ್ತಿದ್ದು. ಬಣ್ಣವನ್ನು ನಾನೇ ಕದ್ದು ತಂದು ಹಾಕಿದೆ, ರೂಢಿಯಂತೆ ಅವನಿಗೆ ಕೆಂಪು ಮೈ, ಅವಳಿಗೆ ಹಳದಿ ಮೈ. ಹೆಸರು ಮಾತ್ರ ಬಾಕಿ ಇತ್ತು. ಹೆಸರಿಲ್ಲದ ಚಿತ್ರಕ್ಕೆ ದೇವರು ಯಾರೆಂದು ಕರೆದು ಅನ್ನ ಹಾಕಬೇಕು? ನಮ್ಮಿಬ್ಬರಿಗೂ ಅಕ್ಷರ ಬಾರದು. ಬಾಯಿ ಬಿಡದ ಒಬ್ಬ ಕರಣಿಕನನ್ನು ಹುಡುಕುತ್ತಿದ್ದೆವು. ಬಾಯಿ ಬಿಡದ ಕರಣಿಕನನ್ನು ಹುಡುಕುವುದಕ್ಕಿಂತ ಗಡ್ಡವಿರುವ ಮೀನನ್ನು ಹುಡುಕುವುದು ಸುಲಭ, ಅದಾದರೂ ಹೊಳೆಯಲ್ಲಿ ಬೇಕಾದಷ್ಟಿದೆ.

ಅಷ್ಟರಲ್ಲಿ ಮತ್ತೆ ಕಣಿವೆಯ ಹಬ್ಬ ಬಂತು. ಆ ಸಲ ಅಮೋನ್ ದೇವರು ಹೊಳೆ ದಾಟಿ ನಮ್ಮ ಹೊಸ ದೇವಸ್ಥಾನಕ್ಕೆ ಮೊದಲ ಸಲ ಬರುವುದಿತ್ತು. ದೇವರನ್ನು ಕೂರಿಸಿದ ದೋಣಿಯನ್ನು ಅರ್ಚಕರು ಹೆಗಲ ಮೇಲೆ ಹೊತ್ತು ಒಳ ಅಂಕಣಕ್ಕೆ ತರಬೇಕು. ದೇವರು ಒಳಗೆ ಬಂದ ಮೇಲೆ ನಮ್ಮಂಥವರಿಗೆ ಆ ಹೊಸ್ತಿಲು ದಾಟುವ ಹಕ್ಕಿಲ್ಲ. ಹಬ್ಬಕ್ಕೆ ಹನ್ನೊಂದು ದಿನ ಇರುವಾಗ ಮೂಡಣ ದಡದಿಂದ ನೆಸಮುನ್ ಎಂಬ ಅರ್ಚಕ ದೋಣಿ ಹೊರುವ ಬರಿ ಮರದ ಕೋಲುಗಳನ್ನು ಅರ್ಚಕರಿಂದ ಹೊರಿಸಿಕೊಂಡು ದಾರಿ ನೋಡಲು ಬಂದ. ಬೋಳುತಲೆ, ಸಣಕಲು ಮೈ. ಇರುವೆ ಎಡವಿದರೂ ಯಾರು ಕಾರಣ ಎಂದು ವಿಚಾರಣೆ ಮಾಡುವ ಸ್ವಭಾವ.

ಇಪ್ಪತ್ತು ಜನ ಅರ್ಚಕರು ಬಾಗಿಲಿಗೆ ಬಂದು ಸಿಕ್ಕಿಕೊಂಡರು. ಮುಂದೆ ಹೋಗಲು ಬಾರದು, ಹಿಂದೆ ಬರಲು ಬಾರದು. ಬಾಗಿಲು ಇಕ್ಕಟ್ಟು ಎಂದು ಅವರು, ಅರ್ಚಕರ ಹೊಟ್ಟೆ ದೊಡ್ಡದು ಎಂದು ನಾವು ಮನಸ್ಸಿನಲ್ಲೇ. ನೆಸಮುನ್ ಅಳತೆಯ ಕೋಲು ತರಿಸಿ ನೋಡಿ, ಒಂದು ಅಂಗೈ ಅಗಲ ಸಿಕ್ಕರೆ ಸಾಕು, ಬಲಗಡೆಯ ಕದವನ್ನು ಕಳಚಿ ಎಂದ.

ನನ್ನ ಕೈಯಲ್ಲಿದ್ದ ಗಾರೆ ಗಟ್ಟಿಯಾಗಿಹೋಯಿತು. ಪೆನ್ನುಬ್ ಕಂಬದ ಹಿಂದೆ ಸರಿದ. ನಾಲ್ಕು ಜನ ಸೇರಿ ಕದ ಎತ್ತಿದರು. ಬೆಳಕು ಬಿತ್ತು. ಹೊಚ್ಚ ಹೊಸ ಬಣ್ಣದಲ್ಲಿ ಹುನ್ರೋ ರೊಟ್ಟಿಗೆ ಕೈ ಚಾಚಿ ಕೂತಿದ್ದಳು.

ಯಾರಿವರು ಎಂದು ನೆಸಮುನ್ ಕೇಳಿದ. ಮೇಸ್ತ್ರಿ ಅನಖ್ತು ಆ ಮುಖಗಳನ್ನು ನೋಡಿದ ಕೂಡಲೇ ಗುರುತು ಹಿಡಿದ, ಅವನೂ ಅವಳ ಬಿಯರ್ ಕುಡಿದು ಬೆಳೆದವನೇ. ಆದರೆ ತನ್ನ ಕೆಲಸಗಾರನ ಮೂಗು ಹೋದರೆ ತನ್ನದೂ ಉಳಿಯುವುದಿಲ್ಲ ಎಂದು ಅವನಿಗೆ ಹೊಳೆದಿರಬೇಕು. ನಮ್ಮನ್ನು ಉಳಿಸಲು ಹೋಗಿ ಅವನು ಇಡೀ ದೇವಸ್ಥಾನವನ್ನೇ ಹಾಳು ಮಾಡಿದ.

"ಇದು ನಮ್ಮವರ ಕೆಲ್ಸ ಅಲ್ಲ ಬುದ್ಧಿ" ಎಂದ ಅನಖ್ತು. "ಈ ಅಂಕಣ ಎಲ್ಲಾ ಕೆತ್ತಿದ್ದು ಪೆನ್ನುಬ್. ಇಲ್ಲಿ ನೋಡಿ, ಇದು ಬಲಗೈ. ಪೆನ್ನುಬ್ ಹುಟ್ಟಿದಾಗಿಂದ ಯಾರಿಗೂ ಬಲಗೈ ಕೊಟ್ಟೋನಲ್ಲ."

"ಯಾರಿಗೂ?"

"ಒಬ್ಬರಿಗೂ ಇಲ್ಲ ಬುದ್ಧಿ, ಬೇಕಾದ್ರೆ ಯಾರನ್ನಾದ್ರೂ ಕೇಳಿ."

"ದೊರೆಗೆ?" ಎಂದ ನೆಸಮುನ್.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕಂಬದ ಹಿಂದೆ ಪೆನ್ನುಬ್ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ನೆಸಮುನ್ ಏಣಿ ಹತ್ತಿದ. ದೊರೆ ದೇವರಿಗೆ ರೊಟ್ಟಿ ನೀಡುತ್ತಿರುವ ಚಿತ್ರದ ಬಳಿ ಹೋಗಿ ಬಲಗೈಯ ಹೆಬ್ಬೆರಳನ್ನು ಉಗುರಿನಿಂದ ಮೀಟಿದ. ಅದು ಕಳಚಿ ಅವನ ಅಂಗೈಗೆ ಬಿತ್ತು. ನನ್ನ ಒಳ್ಳೆಯ ಹೆಬ್ಬೆರಳುಗಳಲ್ಲಿ ಒಂದು ಅದು. ನಾಲ್ಕು ವರ್ಷವಾದರೂ ಅಲುಗಿರಲಿಲ್ಲ, ಮೀಟದಿದ್ದರೆ ನಾಲ್ಕು ನೂರು ವರ್ಷ ಅಲುಗುತ್ತಿರಲಿಲ್ಲ. ಇಂದಿಗೂ ಅದಕ್ಕೆ ನನಗೆ ಅವನ ಮೇಲೆ ಸಿಟ್ಟಿದೆ.

ಅವನು ಏಣಿಯ ಮೇಲಿಂದ ಸುತ್ತ ನೋಡಿ ಆ ಹೆಬ್ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ಕಿರುಚುತ್ತಾನೆ ಎಂದುಕೊಂಡೆವು, ಕಿರುಚಲಿಲ್ಲ. ಆಮೇಲೆ ತಿಳಿಯಿತು, ಹೋದ ಸುಗ್ಗಿಯಲ್ಲಿ ಈ ಗೋಡೆಗಳನ್ನೆಲ್ಲ ನೋಡಿದ್ದೇನೆ, ಎಲ್ಲ ಸರಿಯಾಗಿದೆ ಎಂದು ಮುದ್ರೆ ಒತ್ತಿದವನು ಅವನೇ. ಹೊಳೆಯ ದಡದಲ್ಲಿ ಮೇಸ್ತ್ರಿ ಒಳ್ಳೆಯ ಮೀನಿನ ಊಟ ಹಾಕಿಸಿದ್ದ, ಉಂಡು ಹೋದವನು ಒಳಗೆ ಬಂದೇ ಇರಲಿಲ್ಲ. ಅಂಕಣದಲ್ಲಿ ದೊರೆಯ ಚಿತ್ರ ಹನ್ನೊಂದು. ಹನ್ನೊಂದಕ್ಕೂ ಬಲಗೈ ಇಲ್ಲ. ಹಬ್ಬಕ್ಕೆ ಹನ್ನೊಂದು ದಿನ.

ಇಳಿದು ಬಂದು ಅವನು ಮೆತ್ತಗೆ ಕೇಳಿದ್ದು ಒಂದೇ ಮಾತು: ಕದದ ಹಿಂದಿನ ಬಲಗೈ ಕೆತ್ತಿದವನು ಯಾರು? ಅವನು ಸಿಕ್ಕರೆ ದೊರೆಯ ಹುಸಿ ಬಲಗೈಗಳನ್ನು ಕತ್ತರಿಸಿ, ಹೊಸ ಕಲ್ಲಿನ ಬಿಲ್ಲೆ ಕೂರಿಸಿ, ಕಲ್ಲಿನಲ್ಲೇ ಬಲಗೈ ಕೆತ್ತಬೇಕು. ಸಿಗದಿದ್ದರೆ ಎಲ್ಲರೂ ಕಲ್ಲುಗಣಿಗೆ.

ಪೆನ್ನುಬ್ ಸುಮ್ಮನಿದ್ದಿದ್ದರೆ ಅವನ ಮೇಲೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಅವನು ಕಂಬದ ಹಿಂದಿನಿಂದ ಬಂದ.

"ನಾನೇ ಬುದ್ಧಿ. ಅದು ನನ್ನ ಹೆಂಡ್ತಿ ಕೈ. ಅವಳ ಕೈ ನೋಡ್ದೆ ನಂಗೆ ಬಲಗೈ ಬರಲ್ಲ."

ನೆಸಮುನ್ ತನ್ನ ಮೂಗನ್ನೂ ಉಳಿಸಿಕೊಳ್ಳಬೇಕಿತ್ತು, ಹಾಗಾಗಿ ಪೆನ್ನುಬನ ಮೂಗಿನ ಮಾತು ಎತ್ತಲಿಲ್ಲ. ಹೆಂಡತಿಯನ್ನು ಕರೆತಾ, ಹನ್ನೊಂದೂ ಮುಗಿಸು ಎಂದ. ಆದರೆ ಈ ಚಿತ್ರ ಇವತ್ತೇ ಹೋಗಬೇಕು, ದೇವರ ಮುಂದೆ ಬಿಯರಿನವಳು ಕೂರುವಂತಿಲ್ಲ, ಒಂದು ಚೂರು ಉಳಿದರೂ ಮಾತು ಮುರಿಯಿತು ಎಂದ. ಕಳಚಿದ ಕದದ ಮೇಲೆ ಕುಳಿತು ಕಾಯುತ್ತೇನೆ ಎಂದು ಕುಳಿತೇ ಬಿಟ್ಟ.

ಪೆನ್ನುಬ್ ಕೊಡತಿ ಎತ್ತಿದ, ಇಳಿಸಿದ. ಮತ್ತೆ ಎತ್ತಿದ. ನಾನು ಅದನ್ನು ಅವನ ಕೈಯಿಂದ ಕಿತ್ತುಕೊಂಡೆ. ಜೀವಮಾನವಿಡೀ ಅವನ ತಪ್ಪು ಮುಚ್ಚಿದವನು ನಾನು, ಅವನು ಮಾಡಿದ ಒಂದೇ ಒಂದು ಸರಿಯಾದ ಕೆಲಸವನ್ನು ಒಡೆದವನೂ ನಾನೇ. ಹೆಬ್ಬಾತನ್ನು ಕೊನೆಗೆ ಒಡೆ ಎಂದ ಪೆನ್ನುಬ್, ಅವಳಿಗೆ ಅದು ಇಷ್ಟ ಎಂದ. ಕೊನೆಗೇ ಒಡೆದೆ. ನನಗೆ ಅಳು ಬಂತು, ಕಲ್ಲಿನ ಪುಡಿ ಎಂದು ಕಣ್ಣೊರೆಸಿಕೊಂಡೆ.

ಮಾರನೆಯ ದಿನ ಹುನ್ರೋ ಹೊಸ ಜಡೆಗೂದಲು ಕಟ್ಟಿಕೊಂಡು, ತೊಳೆದ ಬಟ್ಟೆ ಉಟ್ಟು ಬಂದಳು. ದೊರೆಯ ಕೈಗೆ ತನ್ನ ಕೈ ಬೇಕಂತೆ ಎಂದು ಕೇರಿಯವರಿಗೆಲ್ಲ ಹೇಳಿಯೇ ಬಂದಿದ್ದಳು. ಒಡೆದ ಸಂಗತಿಯನ್ನು ಅವಳಿಗೆ ಹೇಳುವ ಧೈರ್ಯ ಪೆನ್ನುಬನಿಗೆ ಇರಲಿಲ್ಲ, ನನಗಂತೂ ಮೊದಲೇ ಇಲ್ಲ. ಒಳಗೆ ಬಂದವಳು ತನ್ನನ್ನು ನೋಡಿಕೊಳ್ಳಲು ನೇರವಾಗಿ ಕದದ ಜಾಗಕ್ಕೆ ಹೋದಳು. ಅಲ್ಲಿ ತರಚಿದ ಬಿಳಿ ಕಲ್ಲು ಇತ್ತು. ಅವಳು ಅದನ್ನು ಒಮ್ಮೆ ಸವರಿ, ಬಂದು ಸಾರುವೆ ಹತ್ತಿ ಕೂತಳು. ಬೈದಿದ್ದರೆ ನಾವು ಬದುಕುತ್ತಿದ್ದೆವು. ಇಡೀ ದಿನ ಅವಳು ಬಾಯಿ ತೆರೆಯಲಿಲ್ಲ. ಅಂಥ ಭಯ ನಾನು ಯಾವ ದೇವರ ಮುಂದೆಯೂ ಪಟ್ಟಿಲ್ಲ.

ಎರಡನೆಯ ದಿನ ಬಾಯಿ ತೆರೆದಳು, ಆಮೇಲೆ ಮುಚ್ಚಲಿಲ್ಲ. ಕೈ ಚಾಚಿ ಚಾಚಿ ಭುಜ ಬಿದ್ದುಹೋಯಿತು ಎಂದಳು. ಕಂಕುಳಿಗೆ ದಿಂಬು ತರಿಸಿಕೊಂಡಳು. ಮೇಸ್ತ್ರಿಯ ಕೈಯಲ್ಲಿ ಬೀಸಣಿಗೆ ಬೀಸಿಸಿಕೊಂಡಳು. ದೊರೆಯ ಹಿಡಿಯಲ್ಲಿರುವ ರೊಟ್ಟಿಯನ್ನು ನೋಡಿ, ಹೀಗೆ ಹಿಡಿದರೆ ಯಾವ ರೊಟ್ಟಿಯೂ ಕೈಯಲ್ಲಿ ನಿಲ್ಲುವುದಿಲ್ಲ, ಇವನು ಜನ್ಮದಲ್ಲಿ ಯಾರಿಗೂ ಬಡಿಸಿಲ್ಲ ಎಂದಳು. ತಾನು ಬಡಿಸುವ ಹಾಗೆ ಬೆರಳು ಮಡಿಚಿ ತೋರಿಸಿದಳು. ಪೆನ್ನುಬ್ ಹಾಗೆಯೇ ಕೆತ್ತಿದ. ದೊರೆಯ ತೆಳ್ಳಗಿನ ತೋಳಿನ ತುದಿಯಲ್ಲಿ ಹಿಟ್ಟು ನಾದಿದ ದಪ್ಪ ಬೆರಳು ಕೂತವು. ನೆಸಮುನ್ ನೋಡಿ, ಕೈ ಸ್ವಲ್ಪ ಭಾರವಾಯಿತೇನೋ ಎಂದ. ಹುನ್ರೋ ಅವನ ಕಡೆ ತಿರುಗಿದಳು. ಅವನು ಮತ್ತೆ ಆ ಮಾತು ಆಡಲಿಲ್ಲ.

ಹತ್ತನೆಯ ದಿನ ಸಂಜೆ ಹನ್ನೊಂದನೆಯ ಕೈ ಮುಗಿಯಿತು, ಬಣ್ಣ ಹಾಕಿದರು. ಮಾರನೆಯ ಬೆಳಿಗ್ಗೆ ದೇವರು ಬರುತ್ತಾನೆ, ನಾವು ಇನ್ನು ಒಳಗೆ ಕಾಲಿಡುವಂತಿಲ್ಲ. ಸಾರುವೆ ಬಿಚ್ಚಿ ನೆಲ ಗುಡಿಸಿ ಎಲ್ಲರೂ ಹೊರಟರು. ಪೆನ್ನುಬ್ ಮಾತ್ರ ಅಂಕಣದ ನಡುವೆ ತಲೆ ತಗ್ಗಿಸಿ ನಿಂತಿದ್ದ. ನಾನು ಹತ್ತಿರ ಹೋದಾಗ ಅವನು ಹೆಂಡತಿಗೆ ಹೇಳುತ್ತಿದ್ದ, ನಿನಗೆ ಮಾತು ಕೊಟ್ಟು ಉಳಿಸಿಕೊಳ್ಳಲಿಲ್ಲ, ಚಿತ್ರವೂ ಹೋಯಿತು, ಹೆಸರೂ ಇಲ್ಲ, ನಾಳೆ ನಮ್ಮಿಬ್ಬರಿಗೆ ನೀರು ಬಿಡುವವರೂ ಇಲ್ಲ ಎಂದು. ಬಿಕ್ಕಿ ಬಿಕ್ಕಿ ಅತ್ತುಬಿಟ್ಟ.

ಹುನ್ರೋ ಅವನ ಗಲ್ಲ ಹಿಡಿದು ಮುಖವನ್ನು ಗೋಡೆಯ ಕಡೆ ಎತ್ತಿದಳು.

"ಎಡಗೈ ಯಾರದು ಅದು?"

"ನಂದು" ಎಂದ.

"ಬಲಗೈ?"

ಅವನು ನೋಡಿದ, ನಾನೂ ನೋಡಿದೆ. ಅಂಕಣದ ಸುತ್ತ ಹನ್ನೊಂದು ಕಡೆ, ಅವನ ಎಡಗೈ ಅವಳ ಬಲಗೈ ಜೊತೆಯಾಗಿ ದೇವರ ಮುಂದೆ ರೊಟ್ಟಿ ಹಿಡಿದಿದ್ದವು. ನಡುವೆ ದೊರೆ ಇದ್ದ, ಇದ್ದರೆ ಇರಲಿ.

"ಹೆಸರಿಲ್ಲ, ಹುನ್ರೋ" ಎಂದ ಪೆನ್ನುಬ್.

"ಹೆಸರು ಯಾಕೆ?" ಎಂದಳು ಅವಳು. "ದಿನಾ ಮೂರು ಹೊತ್ತು ಅನ್ನ ಇಕ್ಕೋ ಕೈನ ಯಾರಾದ್ರೂ ಮರೀತಾರಾ?"